ಕುಡಿಕೆ ಹೊನ್ನಿನ ಲೆಕ್ಕ

ಮುಂಗಾರು ಕಾಲಿಟ್ಟಿತೆಂದರೆ ನಮ್ಮ ಪಟ್ಟಣಿಗರು ಪತ್ರಿಕೆಯಲ್ಲಿ ಮೊದಲು ಹುಡುಕುವುದು ಜಲಾಶಯಗಳ ಮಟ್ಟವನ್ನು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಕಬಿನಿಗೆ ಕಟ್ಟಿದ ಅಣೆಕಟ್ಟಿನ ಗರಿಷ್ಠ ಮಟ್ಟ 2,284 ಅಡಿ. ಅದು ಹಿಡಿಯುವ ನೀರು 19.52 ಟಿ.ಎಂ.ಸಿ. ಒಳಹರಿವೆಷ್ಟು, ಹೊರಹರಿವೆಷ್ಟು ಎಂಬುದು ದಿನದಿನವೂ ಅಚ್ಚಾಗುತ್ತದೆ. ವಯನಾಡಿನಲ್ಲಿ ಮಳೆ ಬಿದ್ದರೆ ಮತ್ತೆ ತುಂಬುವ ಸಂಪತ್ತಿಗೆ ಇಷ್ಟು ಎಚ್ಚರ! ಒಮ್ಮೆ ಬಗೆದರೆ ಮತ್ತೆಂದೂ ತುಂಬದ ಸಂಪತ್ತಿಗೆ?

ಆ ಎಚ್ಚರ ತಪ್ಪಿದರೆ ಏನಾಗುವುದೆಂಬುದಕ್ಕೆ ಪೆಸಿಫಿಕ್ ಸಾಗರದ ನೌರು ಸಾಕ್ಷಿ. ಈ ದ್ವೀಪರಾಷ್ಟ್ರದ ವಿಸ್ತಾರ 21 ಚದರ ಕಿಲೋಮೀಟರು. ಜನಸಂಖ್ಯೆ 12 ಸಾವಿರದ ಆಸುಪಾಸು. ಅದರ ಒಡಲಲ್ಲಿದ್ದುದು ಗೊಬ್ಬರಕ್ಕೆ ಬೇಕಾದ ಫಾಸ್ಫೇಟ್. ದಶಕಗಳ ಕಾಲ ಪರದೇಶದವರು ಅದನ್ನು ಅಗ್ಗವಾಗಿ ಸಾಗಿಸಿದರು. 1968ರಲ್ಲಿ ಸ್ವಾತಂತ್ರ್ಯ ಬಂತು. 1970ರ ದಶಕದಲ್ಲಿ ತಲಾ ಆದಾಯದಲ್ಲಿ ನೌರು ಜಗತ್ತಿನ ಅಗ್ರಪಂಕ್ತಿಯಲ್ಲಿ ನಿಂತಿತು. ಸ್ವಂತ ವಿಮಾನ ಸಂಸ್ಥೆ, ಮೆಲ್ಬರ್ನಿನಲ್ಲಿ ಗಗನಚುಂಬಿ ಕಟ್ಟಡ, ಕೊನೆಗೆ 1993ರಲ್ಲಿ ಲಂಡನ್ನಿನಲ್ಲಿ ನೆಲಕಚ್ಚಿದ ಒಂದು ಸಂಗೀತ ನಾಟಕಕ್ಕೂ ಬಂಡವಾಳ! ಮುಂದಿನ ಪೀಳಿಗೆಗೆಂದು ನಿಧಿ ಇರಲಿಲ್ಲವೆಂದಲ್ಲ, ಇತ್ತು. ಅದರ ಲೆಕ್ಕ ಮಾತ್ರ ಜನರ ಕಣ್ಣಿಗೆ ಬೀಳಲಿಲ್ಲ. 2004ರಲ್ಲಿ ಆ ಕಟ್ಟಡವೂ ಸಾಲಗಾರರ ಪಾಲಾಯಿತು. ಆ ವೇಳೆಗಾಗಲೇ, 2001ರಿಂದ, ಆಸ್ಟ್ರೇಲಿಯ ತನಗೆ ಬೇಡವಾದ ಆಶ್ರಯಾರ್ಥಿಗಳನ್ನು ಕೂಡಿಡಲು ನೆಲ ಕೊಟ್ಟು ಹಣ ಪಡೆಯುವ ಗತಿ ಆ ದೇಶಕ್ಕೆ ಬಂದಿತ್ತು.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ನಗುವುದು ಸುಲಭ. ನಗುವ ಮುನ್ನ ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. ಕೋಲಾರದ ಚಿನ್ನದ ಗಣಿಗೆ 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಹರಿಯಿತು. ಬೆಂಗಳೂರಿನ ಬೀದಿಗಳಿಗೆ ಬಂದದ್ದು 1905ರಲ್ಲಿ. 2001ರಲ್ಲಿ ಗಣಿ ಮುಚ್ಚಿತು. ಚಿನ್ನ ಹೋಯಿತು, ಊರಿಗೆ ಉಳಿದದ್ದು ಸಯನೈಡ್ ಮಣ್ಣಿನ ದಿಬ್ಬಗಳು. ಬಳ್ಳಾರಿಯ ಅದಿರಿನ ಲೂಟಿಗೆ ತಡೆ ಹಾಕಲು 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಮುಂದಾಗಬೇಕಾಯಿತು.

ಅದೇ ನ್ಯಾಯಾಲಯ 2024ರಲ್ಲಿ ಇನ್ನೊಂದು ಮಾತು ಹೇಳಿತು: ಖನಿಜದ ರಾಜಧನ ತೆರಿಗೆಯಲ್ಲ, ಗಣಿ ಹಿಡಿದವನು ಖನಿಜದ ಒಡೆಯನಿಗೆ ತೆರುವ ಪ್ರತಿಫಲ. ಹಾಗಾದರೆ ಅದು ಗಳಿಕೆ ಹೇಗಾದೀತು? ಆಸ್ತಿ ಮಾರಿ ಬಂದ ಹಣವದು. ನಮ್ಮ ಬಜೆಟ್ಟಾದರೋ ಅದನ್ನು ರಾಜಸ್ವದ ಸಾಲಿನಲ್ಲಿ ಬರೆದುಕೊಂಡು ಸಂಬಳ, ಬಡ್ಡಿಗಳ ಜೊತೆ ಬೆರೆಸಿಬಿಡುತ್ತದೆ. ಹೊಲ ಮಾರಿದ ಹಣವನ್ನು ಫಸಲಿನ ಹಣವೆಂದು ಬರೆಯುವ ಗೃಹಸ್ಥನನ್ನು ನಾವು ಏನೆನ್ನುತ್ತೇವೆ?

"ಇಂದು ಹಸಿದವನಿಗೆ ಉಣಿಸದೆ ನಾಳಿನವನಿಗೆ ಕೂಡಿಡಬೇಕೆ?" ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆಯೇ. ಅದಿರಿನ ಹಣ ಶಾಲೆಯಾಗಲಿ, ಕೆರೆಯಾಗಲಿ, ಆಸ್ಪತ್ರೆಯಾಗಲಿ; ಆಗ ಒಂದು ಆಸ್ತಿ ಹೋಗಿ ಇನ್ನೊಂದು ನಿಂತಿತು. ಆದರೆ ಹಾಗೆ ನಿಂತಿತೆಂದು ತೋರಿಸುವ ಹೊಣೆ ಸರ್ಕಾರದ್ದು. ನೆಲದಲ್ಲಿ ಉಳಿದ ಅದಿರೆಷ್ಟು, ತೆಗೆದದ್ದೆಷ್ಟು, ಬಂದ ಹಣವೆಷ್ಟು, ಅದರಿಂದ ನಿಂತ ಆಸ್ತಿ ಯಾವುದು? ಕಡತಗಳಲ್ಲಿ ಚದುರಿರುವ ಈ ನಾಲ್ಕು ಅಂಕಿಗಳನ್ನು ವರ್ಷಕ್ಕೊಮ್ಮೆ ಒಂದೇ ಹಾಳೆಯಲ್ಲಿ, ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಪ್ರಕಟಿಸಲಿ.

ಬೀಚನಹಳ್ಳಿಯ ಕಟ್ಟೆಯ ಲೆಕ್ಕವನ್ನು ದಿನವೂ ಕೊಡಬಲ್ಲ ಸರ್ಕಾರಕ್ಕೆ ಇದು ಆಗದ ಕೆಲಸವೇನಲ್ಲ. ನಾವು ಕೇಳಬೇಕು, ಅಷ್ಟೆ.