ಮನೆವಾರ್ತೆ: ಚೀಟಿ ಕಿತ್ತ ಸೀಸೆ

ಚೀಟಿ ಅಂಟಿಸುವುದು ನಮ್ಮ ಉದ್ಯೋಗ. ಸರಕಾರದ ಕಡತಗಳಿಗೆ ಚೀಟಿ ಹಚ್ಚಿ, ಆ ಚೀಟಿಯ ಮೇಲೆ ಇನ್ನೊಂದು ಚೀಟಿ ಹಚ್ಚಿ ಹನ್ನೆರಡು ವರ್ಷ ಸವೆಸಿದ್ದೇವೆ. ಕಚೇರಿಗೆ ಕಂಪ್ಯೂಟರು ಬಂದು ಎಷ್ಟೋ ಕಾಲವಾಯಿತು; ನಮ್ಮ ಮೇಜಿನ ಗೋಂದಿನ ಸೀಸೆ ಮಾತ್ರ ಇನ್ನೂ ನಿವೃತ್ತವಾಗಿಲ್ಲ. ಇಂಥ ನಾವು ಭಾನುವಾರ ಬಂತೆಂದರೆ ಪಂಚೆ ಕಟ್ಟಿ, ಬಚ್ಚಲಲ್ಲಿ ಕುಕ್ಕರುಗಾಲಿನಲ್ಲಿ ಕೂತು ಸೀಸೆಗಳ ಚೀಟಿ ಕೀಳುತ್ತೇವೆ. ಇದನ್ನು ಹವ್ಯಾಸವೆನ್ನಬೇಕೋ ಪ್ರಾಯಶ್ಚಿತ್ತವೆನ್ನಬೇಕೋ ವಾಚಕರೇ ತೀರ್ಮಾನಿಸಲಿ.

ಈ ಗೀಳು ನಮಗೆ ಅಂಟಿಕೊಂಡದ್ದು ಊರಿನ ದೆಸೆಯಿಂದ. ಪರಸ್ಥಳದಲ್ಲಿ ಸಂಸಾರ ಹೂಡಿದ ಕನ್ನಡಿಗರ ಮನೆಯಲ್ಲಿ ಖಾಲಿ ಸೀಸೆಯನ್ನು ಯಾರೂ ಎಸೆಯುವುದಿಲ್ಲ. ಗದಗಿನ ಗಾಡಿ ಕಲ್ಯಾಣಕ್ಕೆ ಬಂದಾಗ ನಾವು ಇಳಿಸಿಕೊಳ್ಳುವ ಚೀಲದಲ್ಲಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪುಮೆಣಸಿನಕಾಯಿ ರಂಜಕ, ಮನೆಯ ತುಪ್ಪ ಇವೆಲ್ಲ ಜಾಮಿನ, ಜೇನಿನ, ಕಾಫಿಪುಡಿಯ ಹಳೆಯ ಸೀಸೆಗಳಲ್ಲಿ ಬಂದಿರುತ್ತವೆ. ಸೀಸೆಗಳ ಲೆಕ್ಕ ಮಾತೋಶ್ರೀಯವರ ಬಾಯಲ್ಲೇ ಇರುತ್ತದೆ. "ಹೋದ ಸಲದ ಎರಡು ಸೀಸಾ ಇನ್ನೂ ಬಂದಿಲ್ಲಪಾ" ಎಂದು ಫೋನಿನಲ್ಲಿ ನೆನಪು ಮಾಡುತ್ತಾರೆ. ಮರಳಿಸುವಾಗ ಸೀಸೆ ಬರಿದಾಗಿರಬಾರದು, ಹಳೆಯ ಅಂಗಡಿಯ ಚೀಟಿಯೂ ಅರ್ಧಂಬರ್ಧ ನೇತಾಡುತ್ತಿರಬಾರದು. ಆದುದರಿಂದ ಸೀಸೆ ಶುಚಿಗೊಳಿಸುವ ಭಾರ ನಮ್ಮ ಪಾಲಿಗೆ ಬಂತು.

ಮೊದಮೊದಲು ಎಲ್ಲಕ್ಕೂ ಒಂದೇ ಮದ್ದು ಎಂದು ನಂಬಿದ್ದೆವು: ಸೋಡಾ ಹಾಕಿ ಕುದಿಸುವುದು. ಒಂದು ಭಾನುವಾರ ನಮ್ಮ ಶ್ರೀಮತಿಯವರು ಭಜನೆಗೆ ಹೋದ ಸಮಯ ನೋಡಿ, ಅವರ ದೊಡ್ಡ ಜರ್ಮನ್ ಬೋಗುಣಿಯಲ್ಲಿ ಬಟ್ಟೆಸೋಡಾ ಹಾಕಿ, ನಾಲ್ಕು ಸೀಸೆ ಮುಳುಗಿಸಿ ಒಲೆ ಹೊತ್ತಿಸಿದೆವು. ಎರಡು ಸೀಸೆಗಳ ಚೀಟಿ ತಾನಾಗಿ ತೇಲಿ ಬಂತು. ಇನ್ನೆರಡರಲ್ಲಿ ಕಾಗದ ಬಿಟ್ಟು ಅಂಟು ಹಾಗೆಯೇ ಉಳಿಯಿತು. ಬೋಗುಣಿಯಂತೂ ಒಳಗೆಲ್ಲ ಅಮಾವಾಸ್ಯೆಯಾಯಿತು. ಜರ್ಮನ್ ಎಂದು ನಾವು ಕರೆಯುವ ಅಲ್ಯೂಮಿನಿಯಮ್ಮಿಗೂ ಕ್ಷಾರಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧವೆಂದು ಬಿ.ಎ. ತರಗತಿಯಲ್ಲಿ ನಮಗೆ ಯಾರೂ ಹೇಳಿರಲಿಲ್ಲ. ಶ್ರೀಮತಿಯವರು ಹಿಂದಿರುಗಿ ಬೋಗುಣಿಯನ್ನು ನೋಡಿದರು, ನಮ್ಮನ್ನು ನೋಡಿದರು. "ರೀ, ಸೀಸಾ ನಾಲ್ಕಾಣೆದ್ದು, ಬೋಗುಣಿ ನಮ್ಮ ತವರಿಂದು" ಎಂದಷ್ಟೇ ನುಡಿದರು.

ಆ ದಿನ ಕಲಿತ ಪಾಠವನ್ನು ವಾಚಕರಿಗೆ ಪುಕ್ಕಟೆಯಾಗಿ ಒಪ್ಪಿಸುತ್ತೇವೆ: ಮದ್ದು ಹುಡುಕುವ ಮೊದಲು ಅಂಟಿನ ಜಾತಿ ಯಾವುದೆಂದು ನೋಡಬೇಕು. ಸೀಸೆಯ ಅಂಟುಗಳಲ್ಲಿ ಮುಖ್ಯವಾಗಿ ಎರಡು ಜಾತಿ.

ಒಂದು, ನೀರಿನ ಜಾತಿ. ಹಿಟ್ಟಿನ ಗಂಜಿ, ಗೋಂದು, ಹಾಲಿನಿಂದ ತೆಗೆಯುವ ಕೇಸೀನ್ ಇವೆಲ್ಲ ಈ ಕುಲದವು. ಒದ್ದೆಯಿದ್ದಾಗ ಹಚ್ಚುತ್ತಾರೆ, ಒಣಗಿ ಹಿಡಿಯುತ್ತದೆ. ಮರಳಿ ತುಂಬುವ ಗಾಜಿನ ಸೀಸೆಗಳಿಗೆ ಕಾರಖಾನೆಯವರು ಕೇಸೀನಿನ ಅಂಟನ್ನು ಮೆಚ್ಚುವುದಕ್ಕೆ ಕಾರಣವಿದೆ. ಸೀಸೆ ಐಸಿನ ನೀರಲ್ಲಿ ಮುಳುಗಿ ಕೂತರೂ ಚೀಟಿ ಬಿಡುವುದಿಲ್ಲ, ಬಿಸಿಯಾದ ಕ್ಷಾರದ ನೀರು ಸೋಕಿತೋ ಕಳಚಿಕೊಳ್ಳುತ್ತದೆ. ಸೀಸೆ ತೊಳೆಯುವ ದೊಡ್ಡ ಯಂತ್ರಗಳಲ್ಲಿ ನೂರಕ್ಕೆ ಎರಡು ಮೂರು ಪಾಲು ಕಾಸ್ಟಿಕ್ ಸೋಡಾ ಬೆರೆಸಿದ ನೀರನ್ನು 60ರಿಂದ 80 ಡಿಗ್ರಿಯವರೆಗೆ ಕಾಯಿಸಿ, ಅದರೊಳಗೆ ಸೀಸೆಗಳನ್ನು ಹಾಯಿಸುತ್ತಾರೆ. ಆದರೆ ಕಾಸ್ಟಿಕ್ ಸೋಡಾ ಚರ್ಮವನ್ನೂ ಕಣ್ಣನ್ನೂ ಸುಡುವ ಪದಾರ್ಥ. ಅದು ಯಂತ್ರಕ್ಕೇ ಇರಲಿ. ಮನೆಯಲ್ಲಿ ಪ್ಲಾಸ್ಟಿಕ್ ಬಕೆಟಿನ ಬಿಸಿನೀರಿಗೆ ನಾಲ್ಕು ಚಮಚ ಬಟ್ಟೆಸೋಡಾ ಹಾಕಿ, ಕೈಗವಸು ತೊಟ್ಟು, ರಾತ್ರಿ ಸೀಸೆಗಳನ್ನು ಮುಳುಗಿಸಿಟ್ಟರೆ ಬೆಳಿಗ್ಗೆ ಚೀಟಿ ಬಾಳೆಯ ಸಿಪ್ಪೆಯಂತೆ ಬರುತ್ತದೆ. ತಣ್ಣಗಿರುವ ಗಾಜಿಗೆ ಒಮ್ಮೆಲೇ ಕುದಿನೀರು ಸುರಿಯಬಾರದು, ಸೀಸೆ ಸೀಳುತ್ತದೆ. ಉಗುರುಬೆಚ್ಚಗಿನ ನೀರಿಂದ ಮೇಲಕ್ಕೇರಬೇಕು.

ಎರಡನೆಯದು ಮೊಂಡುಜಾತಿ. ಹಿಂಬದಿಯ ಕಾಗದ ಸುಲಿದು ಒತ್ತಿದರೆ ಸಾಕು, ಕೂತುಬಿಡುವ ಸ್ಟಿಕ್ಕರು. 1935ರಲ್ಲಿ ಅಮೆರಿಕದ ಸ್ಟಾಂಟನ್ ಏವರಿ ಎಂಬಾತ ಇಂಥ ಚೀಟಿಯನ್ನು ಮಾರುಕಟ್ಟೆಗೆ ತಂದ. ಇದರ ಅಂಟು ರಬ್ಬರಿನದೋ ಅಕ್ರಿಲಿಕ್ಕಿನದೋ ಆಗಿರುತ್ತದೆ. ಎಂದೂ ಪೂರ್ತಿ ಒಣಗದೆ ಮೆತ್ತಗೇ ಉಳಿದು ಹಿಡಿದುಕೊಂಡಿರುವುದೇ ಇದರ ಗುಟ್ಟು. ನೀರಿಗೂ ಇದಕ್ಕೂ ಮಾತುಕತೆಯಿಲ್ಲ. ಸೋಡಾದಲ್ಲಿ ಮೂರು ದಿನ ನೆನೆಸಿದರೂ ಕಾಗದ ಹೋಗಿ ಜಿಗುಟು ಉಳಿಯುತ್ತದೆ, ಆ ಜಿಗುಟಿಗೆ ಮನೆಯ ಧೂಳೆಲ್ಲ ಬಂದು ಕೂರುತ್ತದೆ.

ಇದಕ್ಕೆ ಮದ್ದು ನಮ್ಮ ಹೆಂಗಸರಿಗೆ ಮೊದಲೇ ಗೊತ್ತಿದೆ. ಹಲಸಿನಹಣ್ಣು ಬಿಡಿಸುವ ಮೊದಲು ಕೈಗೂ ಕತ್ತಿಗೂ ಕೊಬ್ಬರಿಎಣ್ಣೆ ಸವರುವುದಿಲ್ಲವೇ? ಆ ಮೇಣ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಸೋಲುತ್ತದೆ. ಸ್ಟಿಕ್ಕರಿನ ಅಂಟಿಗೂ ಅದೇ ನ್ಯಾಯ. ಮೊದಲು ಸೀಸೆಯೊಳಗೆ ಬಿಸಿನೀರು ತುಂಬಿಯೋ, ಕೂದಲು ಒಣಗಿಸುವ ಯಂತ್ರದ ಗಾಳಿ ಹಿಡಿದೋ ಅಂಟನ್ನು ಮೆತ್ತಗಾಗಿಸಿ, ಚೀಟಿಯನ್ನು ಮೂಲೆಯಿಂದ ಹಿಡಿದು ನಿಧಾನವಾಗಿ ಎಳೆಯಬೇಕು. ಅವಸರ ಮಾಡಿದರೆ ಹರಿಯುತ್ತದೆ. ಉಳಿದ ಜಿಗುಟಿಗೆ ಕೊಬ್ಬರಿಎಣ್ಣೆ, ಅಡಿಗೆಸೋಡಾ ಕಲಸಿ ಹಚ್ಚಿ, ಅರ್ಧ ತಾಸು ಬಿಟ್ಟು ತೆಂಗಿನ ನಾರಿನಿಂದ ತಿಕ್ಕಬೇಕು. ಎಣ್ಣೆ ಅಂಟನ್ನು ಸಡಿಲಿಸುತ್ತದೆ, ಸೋಡಾದ ಹರಳು ಉಜ್ಜಿ ತೆಗೆಯುತ್ತದೆ. ಹತ್ತರಲ್ಲಿ ಏಳೆಂಟು ಸೀಸೆ ಇಷ್ಟಕ್ಕೇ ಶರಣಾಗುವುದು ನಮ್ಮ ಅನುಭವ.

ಆಗದಿದ್ದರೆ ನೀಲಗಿರಿಎಣ್ಣೆ ನಾಲ್ಕು ಹನಿ. ಅದಕ್ಕೂ ಬಗ್ಗದಿದ್ದರೆ ಸ್ಪಿರಿಟ್ಟು; 2020ರ ಸಾಂಕ್ರಾಮಿಕದ ಕಾಲದಲ್ಲಿ ಕೂಡಿಹಾಕಿದ ಕೈ ಶುಚಿಗೊಳಿಸುವ ದ್ರವ ಮನೆಯ ಮೂಲೆಯಲ್ಲಿ ಉಳಿದಿದ್ದರೆ ಅದಾದರೂ ಆದೀತು. ಕೊನೆಯ ಅಸ್ತ್ರ ಅಸಿಟೋನ್, ಅಂದರೆ ಉಗುರುಬಣ್ಣ ತೆಗೆಯುವ ಅನೇಕ ದ್ರವಗಳಲ್ಲಿರುವ ಪದಾರ್ಥ. ಇದು ಗಾಜಿಗೆ ಮಾತ್ರ. ಕೆಲವು ಜಾತಿಯ ಪ್ಲಾಸ್ಟಿಕ್ಕು ಇದಕ್ಕೆ ಕರಗಿ, ಬೆಳ್ಳಗಾಗಿ ಬಿರುಕುಬಿಡುತ್ತದೆ. ಅಸಿಟೋನಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದುಹೋಗಿ ದೂರದ ಕಿಡಿಯನ್ನೂ ಹಿಡಿಯಬಲ್ಲದು. ಒಲೆ ಆರಿಸಿ, ಕಿಟಕಿ ತೆರೆದು, ಬಟ್ಟೆಯ ತುದಿಗೆ ಚಮಚದಷ್ಟು ಹಾಕಿಕೊಂಡು ಸೀಸೆಯ ಹೊರಮೈ ಒರೆಸಬೇಕು. ಯಾವುದನ್ನು ಬಳಸಿದರೂ ಕಡೆಗೆ ಸಾಬೂನುನೀರಿನಲ್ಲಿ ತೊಳೆದು ಬಿಸಿಲಿಗಿಡುವುದು ಕಡ್ಡಾಯ.

ಪ್ಲಾಸ್ಟಿಕ್ ಸೀಸೆಗಳ ಮಾತು ಬೇರೆ. ನೀರು ಮಾರುವ ತೆಳುಸೀಸೆ 70 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗಿ ಸೊಟ್ಟಗಾಗುತ್ತದೆ. ಸೀಮೆಎಣ್ಣೆಯ ವಾಸನೆ ಒಮ್ಮೆ ಹೊಕ್ಕರೆ ಹೊರಬರುವುದಿಲ್ಲ. ಅಂಥದಕ್ಕೆ ಕೊಬ್ಬರಿಎಣ್ಣೆಯಿಂದ ಆಗದಿದ್ದರೆ ಬಿಟ್ಟುಬಿಡುವುದೇ ಮೇಲು. ಹಸುಗೂಸಿನ ಹಾಲಿನ ಸೀಸೆಗೆ ಯಾವ ರಾಸಾಯನಿಕವೂ ಬೇಡ.

ಇನ್ನೊಂದು ಮಾತು. ಅಂಟು ಹೋಗಲಿಲ್ಲವೆಂದು ಸಿಟ್ಟಿನಿಂದ ಬಚ್ಚಲಲ್ಲಿದ್ದುದನ್ನೆಲ್ಲ ಒಟ್ಟಿಗೆ ಸುರಿಯುವವರಿದ್ದಾರೆ. ಪಾಯಖಾನೆ ತೊಳೆಯುವ ಆಮ್ಲಕ್ಕೆ ಬಟ್ಟೆ ಬಿಳುಪಾಗಿಸುವ ಬ್ಲೀಚು ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ಊರಿನ ಬಳಿ ಜರ್ಮನ್ ಸೇನೆ ಕಂದಕಗಳ ಮೇಲೆ ಬಿಟ್ಟದ್ದು ಇದೇ ಅನಿಲ. ನಾಲ್ಕಡಿಯ ಬಚ್ಚಲಲ್ಲಿ ಅದನ್ನು ಹುಟ್ಟಿಸಿಕೊಳ್ಳುವುದು ಬೇಡ. ಬ್ಲೀಚನ್ನು ಸ್ಪಿರಿಟ್ಟಿನೊಡನೆಯೂ ಅಸಿಟೋನಿನೊಡನೆಯೂ ಸೇರಿಸಬಾರದು. ಅಷ್ಟಕ್ಕೂ ಬ್ಲೀಚಿಗೆ ಈ ಅಂಟು ಬಿಡಿಸುವ ಶಕ್ತಿಯೇ ಇಲ್ಲ.

ಇಲ್ಲಿಗೆ ಮುಗಿಸಿದ್ದರೆ ನಾವು ಬುದ್ಧಿವಂತರೆನಿಸಿಕೊಳ್ಳುತ್ತಿದ್ದೆವು. ಆದರೆ ಹೋದ ಮೇ ತಿಂಗಳಲ್ಲಿ ನಡೆದದ್ದನ್ನು ಮುಚ್ಚಿಟ್ಟರೆ ಈ ಅಂಕಣ ಬರೆಯುವ ಹಕ್ಕು ನಮಗಿಲ್ಲ.

ಆಗ ನಮ್ಮ ತೀರ್ಥರೂಪರು ಊರಿಂದ ಬಂದಿದ್ದರು. ಅವರು ತಾಲ್ಲೂಕಿನ ಸರಕಾರಿ ದವಾಖಾನೆಯಲ್ಲಿ ಮೂವತ್ತು ವರ್ಷ ಕಂಪೌಂಡರರಾಗಿದ್ದವರು. ಅದೇ ವಾರ ನಾವೊಂದು ಷರಬತ್ತಿನ ಸೀಸೆಯ ಚೀಟಿ ಕಿತ್ತು, ಗಾಜು ಗಂಗೆಯ ನೀರಿನಂತೆ ಹೊಳೆಯುವವರೆಗೆ ತಿಕ್ಕಿ, ಅದರ ಚೆಲುವಿಗೆ ನಾವೇ ಮರುಳಾಗಿದ್ದೆವು. ಮೊಂಡು ಅಂಟಿಗೆಂದು ತಂದಿದ್ದ ಬಣ್ಣದಂಗಡಿಯ ಥಿನ್ನರ್ ಡಬ್ಬಿಯಲ್ಲಿ ಸ್ವಲ್ಪ ಉಳಿದಿತ್ತು. ಅದರ ಮುಚ್ಚಳ ಸಿಗಲಿಲ್ಲ. ಎರಡು ದಿನದ ಮಟ್ಟಿಗೆ ತಾನೆ ಎಂದು ಥಿನ್ನರನ್ನು ಆ ಸೀಸೆಗೆ ಸುರಿದು, ಬಿಗಿಯಾಗಿ ಮುಚ್ಚಿ, ಅಡಿಗೆಮನೆಯ ಕಟ್ಟೆಯ ಮೂಲೆಯಲ್ಲಿಟ್ಟು ಕಚೇರಿಯ ಯೋಚನೆಯಲ್ಲಿ ಮರೆತೆವು.

ಭಾನುವಾರದ ಉರಿಬಿಸಿಲು. ತೀರ್ಥರೂಪರು ಹೊರಗೆ ಕೂತು, "ಒಂದೀಟು ನೀರು ಕೊಡ್ರಿ" ಎಂದರು. ಏಳು ವರ್ಷದ ನಮ್ಮ ಮಗಳು ಅಜ್ಜನಿಗೆ ತಾನೇ ಕೊಡುವೆನೆಂದು ಓಡಿದಳು. ಕಟ್ಟೆಯ ಮೇಲೆ ಎಲ್ಲಕ್ಕಿಂತ ಸ್ವಚ್ಛವಾಗಿ ಕಂಡ ಸೀಸೆಯಿಂದ ಲೋಟಕ್ಕೆ ಬಗ್ಗಿಸಿ ತಂದುಕೊಟ್ಟಳು. ನಾವು ಎದುರಿಗೇ ಕೂತು ಪತ್ರಿಕೆ ಓದುತ್ತಿದ್ದೆವು.

ಅವರು ಲೋಟವನ್ನು ಎತ್ತಿದರು. ತುಟಿಯ ಹತ್ತಿರ ಕೈ ನಿಂತಿತು. ಲೋಟ ಕೆಳಗಿಟ್ಟು ಮಗುವನ್ನು ಬಳಿಗೆಳೆದುಕೊಂಡರು.

"ಇದನ್ನ ಎಲ್ಲಿಂದ ತಂದಿ ನಮ್ಮವ್ವಾ? ನೀ ಕುಡದಿಯೇನು?"

"ಇಲ್ಲ ಅಜ್ಜಾ, ಮೊದಲು ನಿಮಗ."

ಅವಳ ಬಾಯಿ ತೆರೆಸಿ ನೋಡಿದರು, ಉಸಿರು ಮೂಸಿದರು, ಕೈಯನ್ನು ಸಾಬೂನಿನಿಂದ ತಾವೇ ತೊಳೆದರು. ಆ ಬಳಿಕ ಸೀಸೆಯನ್ನು ತರಿಸಿ ನಮ್ಮ ಮುಂದಿಟ್ಟರು. ದನಿ ಏರಿಸಲಿಲ್ಲ.

"ಮೂವತ್ತು ವರ್ಷ ದವಾಖಾನ್ಯಾಗ ಸೀಸಾ ತುಂಬೇನಿ ತಮ್ಮಾ. ಚೀಟಿ ಇಲ್ಲದ ಸೀಸಾ ಒಂದೂ ನನ್ನ ಕೈಯಿಂದ ಹೊರಗ ಹೋಗಿಲ್ಲ. ನೀ ಚೀಟಿ ಕಿತ್ತು ಮೂಕ ಮಾಡಿ ಇಟ್ಟೀದಿ."

ನಮ್ಮ ಕೈಯಲ್ಲಿದ್ದ ಪತ್ರಿಕೆ ನಡುಗುತ್ತಿತ್ತು. ಅಜ್ಜನಿಗೆ ಮೂಸುವ ಅಭ್ಯಾಸ ಇತ್ತು, ಮಗುವಿಗೇ ಬಾಯಾರಿಕೆಯಾಗಿದ್ದರೆ?

ಆ ಸಂಜೆ ಅವರು ಹಳೆಯ ದಿನಗಳನ್ನು ಹೇಳಿದರು. ರೋಗಿಗಳು ಮನೆಯಿಂದ ತಂದ ಖಾಲಿ ಸೀಸೆಗೇ ಔಷಧದ ನೀರು ತುಂಬಿಕೊಡುತ್ತಿದ್ದರಂತೆ. ಎಷ್ಟು ಹೊತ್ತಿಗೆ ಎಷ್ಟೆಂದು ಓದಲು ಬಾರದವರಿಗೂ ತಿಳಿಯಲೆಂದು ಕಾಗದದ ಪಟ್ಟಿಗೆ ಕತ್ತರಿಯಿಂದ ಕಚ್ಚು ಹಾಕಿ ಅಂಟಿಸುತ್ತಿದ್ದರಂತೆ. ಒಂದು ಕಚ್ಚಿಗೆ ಒಂದು ಹೊತ್ತು. ಹೊರಗೆ ಹಚ್ಚುವ ಔಷಧಕ್ಕೆ ಕೆಂಪು ಚೀಟಿ. ವಿಷದ ದ್ರವಗಳಿಗೆ ಹಿಂದೆ ಗೀರುಗೀರಾದ ಬಣ್ಣದ ಸೀಸೆಗಳೇ ಬೇರೆ ಇದ್ದವು, ಕತ್ತಲಲ್ಲಿ ಕೈಗೆ ಸೋಕಿದರೂ ಗುರುತು ಹತ್ತಲೆಂದು. ಕೆಲವು ಸೀಸೆಗಳಿಗೆ ಚೀಟಿಯೇ ಬೇಕಿರಲಿಲ್ಲ. ಗೋಲಿಸೋಡಾದ ಸೀಸೆಯನ್ನು ಕಂಡವರು ಅದರಲ್ಲಿ ಬೇರೇನೋ ಇದೆಯೆಂದು ತಿಳಿಯುವಂತಿಲ್ಲ. 1949ರಲ್ಲಿ ಆರಂಭವಾದ ಇಲ್ಲಿನ ಆರೇ ಡೈರಿಯ ಹಾಲು ಗಾಜಿನ ಸೀಸೆಯಲ್ಲಿ ಬರುತ್ತಿದ್ದ ಕಾಲದಲ್ಲಿ ಯಾವ ಹಾಲೆಂದು ಮುಚ್ಚಳದ ಬಣ್ಣವೇ ಹೇಳುತ್ತಿತ್ತೆಂದು ಮುಂಬಯಿಯ ಹಿರಿಯ ಕನ್ನಡಿಗರು ಬಲ್ಲರು. ನಾವು ಮಾಡಿದ್ದು ಇದಕ್ಕೆ ತದ್ವಿರುದ್ಧ: ಕುಡಿಯುವ ಸೀಸೆಯ ಆಕಾರ ಉಳಿಸಿ, ಒಳಗೆ ಕುಡಿಯಬಾರದ್ದನ್ನು ತುಂಬಿದೆವು.

ಅಂದಿನಿಂದ ನಮ್ಮ ಮನೆಯಲ್ಲಿ ಮೂರು ಕಟ್ಟಳೆ. ಥಿನ್ನರ್, ಆಮ್ಲ, ಫಿನೈಲು ಇವುಗಳನ್ನು ಬಂದ ಡಬ್ಬಿಯಿಂದ ಬೇರೆಡೆಗೆ ಸುರಿಯುವಂತಿಲ್ಲ. ಮುಚ್ಚಳ ಕಳೆದರೆ ಮುಚ್ಚಳವನ್ನೇ ಹುಡುಕಬೇಕು. ಅವುಗಳ ಜಾಗ ಅಡಿಗೆಮನೆಯಲ್ಲ, ಬೀಗವಿರುವ ಎತ್ತರದ ಕಪಾಟು. ಚೀಟಿ ಕಿತ್ತ ಸೀಸೆಗೆ ಏನೇ ತುಂಬಲಿ, ಸಕ್ಕರೆಯೇ ಆಗಲಿ, ಅದೇ ಗಳಿಗೆಯಲ್ಲಿ ಹೊಸ ಚೀಟಿ ಬರೆದು ಹಚ್ಚಬೇಕು. ದೈವವಶಾತ್ ಯಾರಾದರೂ ಥಿನ್ನರನ್ನೋ ಸೀಮೆಎಣ್ಣೆಯನ್ನೋ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಮೇಲೆ ಬರುವಾಗ ಅದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಸೀಸೆಯನ್ನೂ ಕೈಯಲ್ಲಿ ಹಿಡಿದು ತಕ್ಷಣ ಆಸ್ಪತ್ರೆಗೆ ಓಡಬೇಕು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ 1995ರಿಂದ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ನಡೆಯುತ್ತಿದೆ. ಅದರ ದೂರವಾಣಿ ಸಂಖ್ಯೆಯನ್ನು ಕೇಳಿ ತಿಳಿದು ಅಡಿಗೆಮನೆಯ ಬಾಗಿಲಿಗೆ ಬರೆದು ಹಚ್ಚಿದರೆ ಒಳ್ಳೆಯದು.

ಮರುದಿನ ತೀರ್ಥರೂಪರು ಮೈದಾಹಿಟ್ಟಿನ ಗಂಜಿ ಕಾಸಿ, ಹಳೆಯ ಕ್ಯಾಲೆಂಡರಿನ ಬೆನ್ನಿನಿಂದ ಪಟ್ಟಿಗಳನ್ನು ಕತ್ತರಿಸಿ, ಮೊಮ್ಮಗಳಿಂದ ದುಂಡಗೆ ಬರೆಸಿದರು: ಶೇಂಗಾ ಚಟ್ನಿ, ಮೆಂತ್ಯ, ಉಪ್ಪು. ಇಂಗ್ಲಿಷ್ ಶಾಲೆಗೆ ಹೋಗುವ ಹುಡುಗಿ ಒಂದೇ ದಿನದಲ್ಲಿ ಇಪ್ಪತ್ತೆರಡು ಕನ್ನಡ ಚೀಟಿ ಬರೆದಳು. ಪೇಟೆಯಲ್ಲಿ ಒಳ್ಳೆಯ ಸ್ಟಿಕ್ಕರು ಸಿಗುವಾಗ ಗಂಜಿ ಯಾತಕ್ಕೆ ಎಂದು ನಾವು ಕೇಳಿದೆವು.

"ನಾಳೆ ಇದರಾಗ ಬ್ಯಾರೇದು ತುಂಬತೀರಿ. ಆಗ ಈ ಚೀಟಿ ನೀರಿಗೆ ಬಿಡಬೇಕು, ಮತ್ತೊಂದು ಬರೀಬೇಕು" ಎಂದರು.

ಬಚ್ಚಲಲ್ಲಿ ಎರಡು ವರ್ಷ ಕೂತು ಕಲಿತ ರಸಾಯನಶಾಸ್ತ್ರ ನಮಗೆ ಅಷ್ಟನ್ನು ಹೇಳಿಕೊಟ್ಟಿರಲಿಲ್ಲ.

ವಾಚಕರ ಮನೆಯ ಅಟ್ಟದ ಮೇಲೋ ಬಚ್ಚಲ ಮೂಲೆಯಲ್ಲೋ ಚೀಟಿಯಿಲ್ಲದ ಸೀಸೆಯೊಂದು ಇದ್ದೇ ಇರುತ್ತದೆ. ಈ ಸಂಚಿಕೆಯನ್ನು ಮಡಿಚಿಟ್ಟು ಮೊದಲು ಅದನ್ನು ಕೆಳಗಿಳಿಸಿ. ಮಿಕ್ಕ ಪುಟಗಳನ್ನು ಆಮೇಲೆ ಓದಬಹುದು.