ಒಂದೇ ಕೊಪ್ಪ, ಎರಡು ಬರಹ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ—ಚಿಕ್ಕಮಗಳೂರು ಜಿಲ್ಲೆಯ ನೆರೆಹೊರೆಯ ಈ ಮೂರು ತಾಲ್ಲೂಕುಗಳಲ್ಲಿಯೂ ಅಷ್ಟಿಷ್ಟು ಅಡಕೆತೋಟವುಳ್ಳ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಯಜಮಾನರು ತೀರಿಕೊಂಡ ಮೇಲೆ ಪಹಣಿ, ಕ್ರಯಪತ್ರ, ವಿಭಾಗಪತ್ರ, ಕಂದಾಯದ ರಸೀತಿಗಳನ್ನೆಲ್ಲ ಮಕ್ಕಳು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕಿಗೊಂದರಂತೆ ಮೂರು ಫೋಲ್ಡರುಗಳಲ್ಲಿ ಇರಿಸಿದರು. ಹೆಸರುಗಳನ್ನು ಕನ್ನಡದಲ್ಲಿಯೇ ಬರೆದರು. ಮೂಲಪತ್ರಗಳಲ್ಲಿ ಕೆಲವಕ್ಕೆ ಆಗಲೇ ಗೆದ್ದಲು ಹತ್ತಿತ್ತು.

ಬೆಂಗಳೂರಿನ ಅಕ್ಕನದು ಹಳೆಯದೊಂದು ಮ್ಯಾಕ್ ಯಂತ್ರ, ತಮ್ಮನದು ಲಿನಕ್ಸ್. ಇಬ್ಬರ ಸಂಗ್ರಹವೂ ಒಂದೇ ತೆರನಾಗಿರಲೆಂದು ತಮ್ಮನು ಚಿಕ್ಕದೊಂದು ಪ್ರೋಗ್ರಾಮನ್ನು ಬರೆದನು. ಅಕ್ಕನಲ್ಲಿ ಇರುವುದನ್ನು ಇಲ್ಲಿಗೆ ತರಬೇಕು. ಅವಳಲ್ಲಿ ಇಲ್ಲದ್ದನ್ನು ಇಲ್ಲಿಂದ ಅಳಿಸಬೇಕು. ಪುಣ್ಯಕ್ಕೆ, ಅಳಿಸುವ ಮೊದಲು ಒಂದು ಮಾತು ಕೇಳುವಂತೆಯೂ ಬರೆದಿದ್ದನು. ಮೊದಲ ರಾತ್ರಿಯೇ ಅದು ಕೇಳಿತು: ಕೊಪ್ಪ ಮತ್ತು ಶೃಂಗೇರಿ ಅಲ್ಲಿ ಇಲ್ಲ, ಅಳಿಸಲೆ?

“ಅಕ್ಕಾ, ಕೊಪ್ಪ ಎಲ್ಲಿ ಹೋಯಿತು?”

“ಎಲ್ಲಿಗೆ ಹೋಗುತ್ತದೆಯೋ? ಕಣ್ಣೆದುರಿಗೇ ಇದೆಯಲ್ಲ!”

ಇಬ್ಬರು ಹೇಳಿದ್ದೂ ನಿಜ. ಈ ವಿಚಿತ್ರದ ಮೂಲವು ಕಾಗುಣಿತದಲ್ಲಿದೆ. ‘ಗೇ’ ಎಂಬುದನ್ನು ‘ಗ’ಕಾರಕ್ಕೆ ಎತ್ವ, ಅದರ ಮೇಲೊಂದು ದೀರ್ಘ ಎಂದು ಮಕ್ಕಳು ಕಲಿಯುತ್ತಾರೆ. ‘ಕೊ’ ಬರೆಯುವಾಗಲೂ ಹಾಗೆಯೇ. ಎತ್ವದ ಜೊತೆಗೆ ಇನ್ನೊಂದು ಚಿಹ್ನೆ ಸೇರಿದರೆ ಒತ್ವ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಪ್ರಪಂಚದ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಪದ್ಧತಿಯು ಎರಡು ಬಗೆಯನ್ನೂ ಒಪ್ಪುತ್ತದೆ. ಒತ್ವಕ್ಕೆ ಒಂದೇ ಸಂಖ್ಯೆಯೂ ಉಂಟು, ಬಿಡಿಸಿ ಎರಡು ಸಂಖ್ಯೆಗಳಲ್ಲಿ ಬರೆಯುವ ದಾರಿಯೂ ಉಂಟು. ತೆರೆಯ ಮೇಲೆ ಎರಡಕ್ಕೂ ಎಳ್ಳಷ್ಟು ಭೇದ ಕಾಣದು. ಒಳಗೆ ಮಾತ್ರ ‘ಕೊಪ್ಪ’ ಎಂಬುದು ಯುಟಿಎಫ್-8 ಕ್ರಮದಲ್ಲಿ ಒಮ್ಮೆ 15 ಬೈಟು, ಇನ್ನೊಮ್ಮೆ 18 ಬೈಟು; ‘ಶೃಂಗೇರಿ’ಯು 21 ಅಥವಾ 24.

ನರಸಿಂಹರಾಜಪುರದಲ್ಲಿ ಹೀಗೆ ಬಿಡಿಸಬಹುದಾದ ಸ್ವರಚಿಹ್ನೆ ಒಂದೂ ಇಲ್ಲ. ಹೇಗೆ ಬರೆದರೂ 36 ಬೈಟು. ಅದೊಂದೇ ಪಾರಾದದ್ದು ಈ ಕಾರಣದಿಂದ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಬರುವುದಕ್ಕೆ ಮೊದಲು ಆ ಊರು ಎಡೇಹಳ್ಳಿಯಾಗಿತ್ತು. ಹಳೆಯ ಹೆಸರೇ ಉಳಿದಿದ್ದರೆ ‘ಡೇ’ಕಾರದ ದೆಸೆಯಿಂದ ಅದೂ ಕಾಣೆಯಾಗುತ್ತಿತ್ತು! ಅದೇ ತಾಲ್ಲೂಕಿನ ಬಾಳೆಹೊನ್ನೂರಿಗೂ, ಕುವೆಂಪು ಹುಟ್ಟಿದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಗೂ ಈ ಕಂಟಕ ತಪ್ಪಿದ್ದಲ್ಲ.

ಇನ್ನು ಯಂತ್ರಗಳ ಸ್ವಭಾವ. ಆಪಲ್ ಸಂಸ್ಥೆಯು 1998ರಲ್ಲಿ ತಂದ ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತವ್ಯವಸ್ಥೆಯು, ಬರೆದವರು ಹೇಗೆ ಬರೆದರೂ, ಹೆಸರನ್ನು ಬಿಡಿಸಿಯೇ ಇಟ್ಟುಕೊಳ್ಳುತ್ತಿತ್ತು. ಅಕ್ಕನ ಯಂತ್ರದ್ದು ಈ ಜಾತಿ. 2017ರಲ್ಲಿ ಅದರ ಸ್ಥಾನಕ್ಕೆ ಬಂದ ಎಪಿಎಫ್‌ಎಸ್ ಕೊಟ್ಟದ್ದನ್ನು ಕೊಟ್ಟಂತೆಯೇ ಇಡುತ್ತದೆಯಾದರೂ ಎರಡು ರೂಪಗಳೂ ಒಂದೇ ಎಂದು ಗುರುತಿಸುತ್ತದೆ. ವಿಂಡೋಸ್ ಮತ್ತು ಲಿನಕ್ಸ್‌ಗಳಿಗೆ ಸಾಮಾನ್ಯವಾಗಿ ಈ ದಾಕ್ಷಿಣ್ಯವಿಲ್ಲ. ಅವುಗಳ ಪಾಲಿಗೆ ಕೊಪ್ಪಗಳು ಎರಡು. ಎರಡೂ ಒಂದೇ ಜಾಗದಲ್ಲಿ ಅಕ್ಕಪಕ್ಕ ಕುಳಿತಿರಬಲ್ಲವು.

ಮದ್ದು ಕಠಿನವಾದುದಲ್ಲ. ಎರಡು ಹೆಸರುಗಳನ್ನು ಹೋಲಿಸುವ ಮೊದಲು ಎರಡನ್ನೂ ಕೂಡಿಸಿದ ರೂಪಕ್ಕೆ ತರಬೇಕು. ಪೈಥಾನ್ ಭಾಷೆಯಲ್ಲಿ ‘ಯೂನಿಕೋಡ್‌ಡೇಟಾ’ ಎಂಬ ಭಾಗದ ‘ನಾರ್ಮಲೈಸ್’ ಈ ಕೆಲಸವನ್ನು ಮಾಡುತ್ತದೆ. ಆದರೆ ಕಡತವನ್ನು ತೆರೆಯುವಾಗ ಯಂತ್ರವು ಕೊಟ್ಟ ಹೆಸರನ್ನೇ ಅದಕ್ಕೆ ಹಿಂದಿರುಗಿಸಬೇಕು. ಅಲ್ಲಿ ತಿದ್ದುಪಡಿ ಮಾಡಿದರೆ ಲಿನಕ್ಸ್ ‘ಅಂಥದ್ದಿಲ್ಲ’ ಎಂದೀತು.

ಇಷ್ಟೆಲ್ಲ ತಾಪತ್ರಯವೇಕೆ, ಇಂಗ್ಲಿಷಿನಲ್ಲಿ ಹೆಸರಿಟ್ಟರಾಯಿತಲ್ಲ ಎಂಬ ಬುದ್ಧಿವಾದವು ಧಾರಾಳವಾಗಿ ದೊರೆಯುತ್ತದೆ. ಶೃಂಗೇರಿಯನ್ನು ಒಬ್ಬರು ‘ಎಸ್’ ಹಾಕಿ ಬರೆದರೆ ಇನ್ನೊಬ್ಬರು ‘ಎಸ್’ ಮುಂದೆ ‘ಎಚ್’ ಸೇರಿಸುತ್ತಾರೆ. ಆ ಎರಡನ್ನು ಒಂದು ಮಾಡುವ ನಿಯಮವಂತೂ ಯಾವ ಯಂತ್ರದಲ್ಲಿಯೂ ಇಲ್ಲ. ಸಾಲದುದಕ್ಕೆ, ದೊಡ್ಡಕ್ಷರ ಚಿಕ್ಕಕ್ಷರಗಳನ್ನು ಲಿನಕ್ಸ್ ಬೇರೆಯೆನ್ನುತ್ತದೆ, ವಿಂಡೋಸ್ ಸಾಧಾರಣವಾಗಿ ಒಂದೆನ್ನುತ್ತದೆ. ಕನ್ನಡಕ್ಕೆ ಆ ಕಾಟವಾದರೂ ಇಲ್ಲ.

ತೋಟದ ಪತ್ರಗಳಿಗೆ ಬೇರೆ ತೊಡಕುಗಳೂ ಉಂಟು. ಸರ್ವೆ ನಂಬರು 45/2 ಎಂಬುದನ್ನು ಹಾಗೆಯೇ ಕಡತದ ಹೆಸರಾಗಿಸಿದರೆ, ನಡುವಿನ ಓರೆಗೆರೆಯನ್ನು ಲಿನಕ್ಸ್ ದಾರಿಯೆಂದು ತಿಳಿದು ‘45’ರೊಳಗೆ ‘2’ನ್ನು ಹುಡುಕಲು ಹೊರಡುತ್ತದೆ. ಅದೇ ದಾರಿಗೆ ವಿಂಡೋಸಿನವರು ಬಳಸುವುದು ಹಿಂದಕ್ಕೆ ವಾಲಿದ ಗೆರೆ. 1983ರ ಎಂಎಸ್-ಡಾಸ್ ಎರಡನೆಯ ಆವೃತ್ತಿಯಲ್ಲಿ ಫೋಲ್ಡರುಗಳು ಬಂದಾಗ ಮುಂದಕ್ಕೆ ವಾಲಿದ ಗೆರೆಯು ಆಜ್ಞೆಗಳ ಸೂಚನೆಗೆ ಮೊದಲೇ ಮೀಸಲಾಗಿತ್ತು. ಆದುದರಿಂದ ಪ್ರೋಗ್ರಾಮು ಬರೆಯುವವರು ಗೆರೆಗಳನ್ನು ಕೈಯಿಂದ ಅಂಟಿಸದೆ, ‘ಪಾಥ್‌ಲಿಬ್’ನಂತಹ ಸಿದ್ಧ ಸಾಧನಕ್ಕೆ ಆ ಕೆಲಸವನ್ನು ಬಿಡುವುದು ಲೇಸು. ‘ಎನ್.ಆರ್.’ ಎಂದು ಚುಕ್ಕೆಯಿಂದ ಮುಗಿಯುವ ಹೆಸರಿಟ್ಟರೆ ವಿಂಡೋಸ್ ಕೊನೆಯ ಚುಕ್ಕೆಯನ್ನು ಸದ್ದಿಲ್ಲದೆ ನುಂಗಿಬಿಡುತ್ತದೆ. ಉದ್ದದ ಮಾತು ಬೇರೆ. ವಿಂಡೋಸಿನಲ್ಲಿ ಒಂದು ಹೆಸರಿಗೆ 255 ಚಿಹ್ನೆಗಳವರೆಗೆ ಅವಕಾಶ. ಲಿನಕ್ಸ್‌ನಲ್ಲಿ 255 ಬೈಟು ಮಾತ್ರ. ಕನ್ನಡದ ಚಿಹ್ನೆಯೊಂದಕ್ಕೆ ಮೂರು ಬೈಟಿನಂತೆ ಎಣಿಸಿದರೆ 85ಕ್ಕೇ ಮುಗಿಯಿತು. ‘ಇಂಥವರ ಮಗ ಇಂಥವರು ಇಂಥವರಿಗೆ ಬರೆದುಕೊಟ್ಟ ಶುದ್ಧ ಕ್ರಯಪತ್ರ’ವೆಂದು ಪೂರ್ತಿ ಬರೆಯಹೊರಟವರಿಗೆ ಅದು ಎಲ್ಲಿ ಸಾಕಾದೀತು?

ತಮ್ಮನು ಅಳಿಸಲು ಒಪ್ಪದೆ, ಹೋಲಿಕೆಯ ಸಾಲನ್ನು ತಿದ್ದಿದನು. ಅಷ್ಟರಲ್ಲಿ ಅಕ್ಕನ ಕೊಪ್ಪವೂ ಇಳಿದು ಬಂದು, ಅವನ ತೆರೆಯ ಮೇಲೆ ಒಂದೇ ಹೆಸರಿನ ಎರಡು ಫೋಲ್ಡರುಗಳು ನಿಂತಿದ್ದವು. ಎರಡನ್ನೂ ತೆರೆದು ಒಂದೊಂದೇ ಪತ್ರವನ್ನು ಸರಿನೋಡುತ್ತ ಹೋದಾಗ, ಭೂ ನ್ಯಾಯಮಂಡಳಿಯ ಆದೇಶದ ನಕಲು ಅವನ ಹಳೆಯ ಕೊಪ್ಪದಲ್ಲಿ ಮಾತ್ರ ಸಿಕ್ಕಿತು. ಗೆದ್ದಲು ತಿಂದ ಕಾಗದಗಳಲ್ಲಿ ಅದೂ ಒಂದಾಗಿತ್ತು.