ಎರಡನೆಯ ಮತದ ಲೆಕ್ಕ ಕೊಡುವವರು ಯಾರು?

ರಾಷ್ಟ್ರಪತಿಯ ಚುನಾವಣೆಯಲ್ಲಿ ಯಾರಿಗೂ ಬಹುಮತ ಬಾರದಿದ್ದರೆ ಮುಂದೇನು? ಇದು ದಿಲ್ಲಿಯ ದೊಡ್ಡವರ ಮಾತು, ಹಗರಿಬೊಮ್ಮನಹಳ್ಳಿಯ ರೈತನಿಗೆ, ಕೂಲಿಕಾರನಿಗೆ ಇದರಿಂದ ಆಗಬೇಕಾದ್ದೇನು ಎಂದು ಕೆಲವರು ಕೇಳಬಹುದು. ಬಹಳವಿದೆ ಎಂಬುದೇ ನಮ್ಮ ಉತ್ತರ. ಸಂಸತ್ತಿನ ಚುನಾಯಿತ ಸದಸ್ಯರ ಜೊತೆಗೆ ನಾವು ಆರಿಸಿ ಕಳಿಸಿದ ಶಾಸಕರೂ ಇಲ್ಲಿ ಮತದಾರರು. 2022ರ ಚುನಾವಣೆಯಲ್ಲಿ ಕರ್ನಾಟಕದ ಒಬ್ಬ ಶಾಸಕನ ಮತದ ಮೌಲ್ಯ 131. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕ್ಷೇತ್ರಗಳ ನಾಲ್ವರದೂ ಕೂಡಿದರೆ 524. ಈ ಮತ ಶಾಸಕರ ಪಿತ್ರಾರ್ಜಿತ ಆಸ್ತಿಯಲ್ಲ. ಜನರು ಒಪ್ಪಿಸಿದ ಠೇವಣಿ.

ಅಮೆರಿಕೆಯಲ್ಲಿ ಇಂಥ ಬಿಕ್ಕಟ್ಟನ್ನು ಬಿಡಿಸುವುದು ಪ್ರತಿನಿಧಿ ಸಭೆ. ಮೊದಲ ಮೂವರಲ್ಲಿ ಒಬ್ಬರನ್ನು ಅದು ಆರಿಸಬೇಕು. ದೊಡ್ಡದಿರಲಿ, ಚಿಕ್ಕದಿರಲಿ, ರಾಜ್ಯಕ್ಕೊಂದೇ ಮತ. 1824ರ ಚುನಾವಣೆಯಲ್ಲಿ ಗೆಲುವಿಗೆ 131 ಮತ ಬೇಕಿತ್ತು. ಜಾಕ್ಸನ್‌ಗೆ ಬಂದದ್ದು 99, ಆಡಮ್ಸ್‌ಗೆ 84. ಆದರೂ 1825ರ ಫೆಬ್ರವರಿ 9ರಂದು ಸಭೆಯಲ್ಲಿ 24 ರಾಜ್ಯಗಳ ಪೈಕಿ 13 ಆಡಮ್ಸ್ ಕಡೆಗೆ ನಿಂತವು. ಅವರನ್ನು ಬೆಂಬಲಿಸಿದ ಸಭಾಧ್ಯಕ್ಷ ಕ್ಲೇ ಮುಂದೆ ಅವರ ಸರ್ಕಾರದಲ್ಲೇ ವಿದೇಶಾಂಗ ಮಂತ್ರಿಯಾದರು. ಇದು ವ್ಯಾಪಾರವೆಂದು ಜಾಕ್ಸನ್ ಪಕ್ಷದವರು ಕೂಗಿದರು. ಆ ನಿಯಮ ಇಂದಿಗೂ ಹಾಗೆಯೇ ಇದೆ.

ನಮ್ಮ ಸಂವಿಧಾನ ಇಂಥ ಎರಡನೆಯ ಸಂತೆಗೆ ಎಡೆಗೊಟ್ಟಿಲ್ಲ. ಮತದಾರನು ಒಂದೇ ಚೀಟಿಯಲ್ಲಿ 1, 2, 3 ಎಂದು ತನ್ನ ಇಷ್ಟದ ಕ್ರಮವನ್ನು ಬರೆಯುತ್ತಾನೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಕಡೆಯವನನ್ನು ಕೈಬಿಟ್ಟು, ಅವನ ಚೀಟಿಗಳನ್ನು ಮುಂದಿನ ಇಷ್ಟದವರಿಗೆ ಹಂಚುತ್ತಾರೆ.

1969ರ ಆಗಸ್ಟ್‌ನಲ್ಲಿ ಇದರ ಪರೀಕ್ಷೆಯಾಯಿತು. ಬೇಕಾದದ್ದು 4,18,169. ಕಾರ್ಮಿಕ ನಾಯಕರಾಗಿದ್ದ ವಿ.ವಿ. ಗಿರಿಯವರಿಗೆ ಮೊದಲು ಬಂದದ್ದು 4,01,515, ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ ಸಂಜೀವ ರೆಡ್ಡಿಯವರಿಗೆ 3,13,548, ಸಿ.ಡಿ. ದೇಶಮುಖರಿಗೆ 1,12,769. ಕಾಂಗ್ರೆಸ್ ಅಧ್ಯಕ್ಷ ನಿಜಲಿಂಗಪ್ಪನವರು, ಹರಪನಹಳ್ಳಿ ತಾಲೂಕಿನ ಹಲುವಾಗಲಿನಲ್ಲಿ ಹುಟ್ಟಿದವರು, ದೇಶಮುಖರನ್ನು ನಿಲ್ಲಿಸಿದ್ದ ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ಎರಡನೆಯ ಮತಕ್ಕಾಗಿ ಅವರೊಡನೆ ಮಾತುಕತೆ ನಡೆಸಿದ್ದರು. ಇಂದಿರಾ ಗಾಂಧಿಯವರು ಆತ್ಮಸಾಕ್ಷಿಯ ಮತ ಎಂದರು. ಮರುಹಂಚಿಕೆಯಲ್ಲಿ ರೆಡ್ಡಿಯವರಿಗೆ 91,879 ಕೂಡಿತು, ಗಿರಿಯವರಿಗೆ 18,562 ಮಾತ್ರ. ಅಷ್ಟೇ ಸಾಕಾಯಿತು: ಗಿರಿ 4,20,077, ರೆಡ್ಡಿ 4,05,427. ಅದೇ ವರ್ಷ ಕಾಂಗ್ರೆಸ್ ಎರಡಾಯಿತು.

ಫಲಿತಾಂಶ ಬಂದ ಮೇಲೆ ಕುದುರುವ ವ್ಯಾಪಾರಕ್ಕಿಂತ, ಮತ ಹಾಕುವಾಗಲೇ ಬರೆದಿಟ್ಟ ಎರಡನೆಯ ಇಷ್ಟ ಲೇಸು. ಇದರಲ್ಲಿ ನಮಗೆ ಸಂಶಯವಿಲ್ಲ. ಆದರೆ ವ್ಯಾಪಾರ ಸತ್ತಿಲ್ಲ. ಎಣಿಕೆಯ ನಂತರ ನಡೆಯಬೇಕಾದದ್ದು ಮತದಾನಕ್ಕೆ ಮೊದಲೇ ನಡೆಯುತ್ತದೆ, ಅಷ್ಟೆ. ಮತ ಗುಪ್ತವಾದದ್ದು, ಪಕ್ಷ ವಿಪ್ ಹೊರಡಿಸುವಂತಿಲ್ಲ. ಶಾಸಕನ ಆತ್ಮಸಾಕ್ಷಿಗೆ ಈ ರಕ್ಷಣೆ ಬೇಕು, ನಿಜ. ಆದರೆ ಆತ್ಮಸಾಕ್ಷಿಯ ಹೆಸರಿನಲ್ಲಿ ಜನರಿಗೆ ಬೆನ್ನು ತಿರುಗಿಸುವ ಹಕ್ಕು ಯಾರಿಗೂ ಇಲ್ಲ.

ಆದ್ದರಿಂದ ನಾವು ಕೇಳುವುದು ಇಷ್ಟೆ. ಚೀಟಿ ತೋರಿಸಬೇಡಿ, ಕಾನೂನು ಅದನ್ನು ಒಪ್ಪುವುದಿಲ್ಲ. ಆದರೆ ಮತದಾನಕ್ಕೆ ಮುಂಚೆ ನಿಮ್ಮ ಕ್ಷೇತ್ರಕ್ಕೆ ಬಂದು, ಬಹಿರಂಗ ಸಭೆಯಲ್ಲಿ ನಿಂತು, ನಿಮ್ಮ ಮೊದಲ ಇಷ್ಟ ಯಾರು, ಎರಡನೆಯ ಇಷ್ಟ ಯಾರು, ಏಕೆ ಎಂದು ಹೇಳಿ. ಒಂದು ದೇಶದ ಅಧ್ಯಕ್ಷಗಿರಿಯನ್ನೇ ಎರಡನೆಯ ಮತ ತೀರ್ಮಾನಿಸಿದ್ದುಂಟು. ಆ ಮತದ ಲೆಕ್ಕ ಕೇಳುವುದು ಜನರ ಹಕ್ಕು; ಹೇಳುವುದು ಶಾಸಕರ ಕರ್ತವ್ಯ.